ನಾಲ್ಕು ನಿಂಬೆಹಣ್ಣು, ಒಂದು ಹಿತ್ತಾಳೆ ಬಿಲ್ಲೆ

ನಮ್ಮ ಹಳೇ ಕಾರುಗಳ ಕ್ಲಬ್ಬಿನ ಚರಿತ್ರೆಯನ್ನು ಸ್ಮರಣಸಂಚಿಕೆಗೆ ಬರೆದುಕೊಡಿ ಎಂದು ಕಮಿಟಿಯವರು ಗಂಟುಬಿದ್ದು ಎರಡು ತಿಂಗಳಾಯಿತು. ಕಾರ್ಯದರ್ಶಿ ನಾನೇ, ತಪ್ಪಿಸಿಕೊಳ್ಳುವ ಹಾಗಿಲ್ಲ. ಅವರಿಗೆ ಬೇಕಾದದ್ದು ಯಾರ ಗಾಡಿ ಎಷ್ಟು ಹಳೆಯದು, ಯಾವ ಮದುವೆ ಮೆರವಣಿಗೆಗೆ ಹೋಗಿತ್ತು ಎಂಬ ಪಟ್ಟಿ. ಅದನ್ನು ಯಾರು ಬೇಕಾದರೂ ಬರೆದಾರು. ನಾನು ಬರೆಯಬೇಕಾದದ್ದು ಬೇರೆಯೇ ಇದೆ. ಅದಕ್ಕೆ ಇಷ್ಟು ವರ್ಷ ನನಗೆ ಧೈರ್ಯವಿರಲಿಲ್ಲ.

ಕ್ಲಬ್ಬು ಶುರು ಮಾಡಿದವರು ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನ ಒಬ್ಬ ಮೇಷ್ಟ್ರು. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರು ಮಾಡಿದ್ದು ಒಂದೇ ನಿಯಮ. ಆಯುಧಪೂಜೆಯ ದಿನ ಎಲ್ಲರೂ ಗಾಡಿ ತರಬೇಕು. ಪೂಜೆಯಾದ ಮೇಲೆ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು. ಗಾಡಿ ಸ್ಟಾರ್ಟ್ ಆಗಿ ಹಣ್ಣು ತುಳಿದು ಮುಂದೆ ಹೋದರೆ ಇನ್ನೊಂದು ವರ್ಷ ಸದಸ್ಯತ್ವ, ಬಂಪರಿನ ಮೇಲೆ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆ. ಇಲ್ಲದಿದ್ದರೆ ಬಿಲ್ಲೆ ಬಿಚ್ಚಿ ವಾಪಸ್ ಕೊಡಬೇಕು. ಷೆಡ್ಡಿನಲ್ಲಿ ಬೊಂಬೆ ಹಾಗೆ ಕೂರಿಸೋ ಗಾಡಿ ಬೇಡ, ಓಡೋ ಗಾಡಿ ಬೇಕು ಎನ್ನುತ್ತಿದ್ದರು. ಮೇಷ್ಟ್ರ ಕಪ್ಪು ಕಾರಿನದು ಒಂದನೇ ನಂಬರು.

ನಮ್ಮಪ್ಪನ ಹಸಿರು ಕಾರು ನನ್ನ ಪಾಲಿಗೆ ಬಂದ ವರ್ಷ ನಾನೂ ಹೋದೆ. ಆಗೆಲ್ಲ ಪೂಜೆ ನಡೆಯುತ್ತಿದ್ದದ್ದು ಮೇಷ್ಟ್ರ ಲೇಔಟಿನ ಹತ್ತಿರದ ಒಂದು ರಸ್ತೆಯಲ್ಲಿ. ಒಳ್ಳೇ ಇಳಿಜಾರು, ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹತ್ತುವಂಥದ್ದು. ಜಯನಗರದಿಂದ ಅಲ್ಲಿವರೆಗೂ ನಾನೇ ಓಡಿಸಿಕೊಂಡು ಹೋಗಿದ್ದೆ. ಆದರೂ ಮೀಸೆಯವರೊಬ್ಬರು ಪಕ್ಕದವರಿಗೆ, "ಪಾಪ, ಯಜಮಾನ್ರು ಬರ್ಲಿಲ್ವೇನೋ" ಅಂದದ್ದು ನನಗೆ ಕೇಳಿಸಿತು. ಮೈಯೆಲ್ಲ ಉರಿದುಹೋಯಿತು. ತೋರಿಸ್ತೀನಿ ಇರು ಅಂದುಕೊಂಡೆ.

ಒಂದು ಗಂಟೆ ಬಿಸಿಲಿನಲ್ಲಿ ನಿಂತ ಗಾಡಿ ಕೈಕೊಟ್ಟಿತು. ಕೀ ತಿರುಗಿಸಿದರೆ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಇನ್ನೊಂದು ಸಲ ತಿರುಗಿಸಿದರೆ ಅದೂ ಇಲ್ಲ. ಅಷ್ಟರಲ್ಲಿ ಮುಂದೆ ಯಾರೋ ಬೂದುಗುಂಬಳಕಾಯಿ ಒಡೆದರು, ವಾಲಗದವರು ಜೋರು ಮಾಡಿದರು. ನನಗೆ ಅದೇನು ಬುದ್ಧಿ ಬಂತೋ, ನ್ಯೂಟ್ರಲ್ಲಿಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟುಬಿಟ್ಟೆ. ಗಾಡಿ ತಾನಾಗಿ ಉರುಳಿತು. ಹಣ್ಣು ಪಚಕ್ಕೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೀಸೆಯವರೂ ತಟ್ಟಿದರು. ಮೇಷ್ಟ್ರು ತಾವೇ ಬಗ್ಗಿ ಬಿಲ್ಲೆ ಕೂರಿಸಿ, "ಚೆನ್ನಾಗಿ ನೋಡ್ಕೊಳಮ್ಮ" ಅಂದರು.

ಆಮೇಲೆ ನಾನು ಕಾರ್ಯದರ್ಶಿಯಾದೆ. ನನ್ನಷ್ಟು ಕಟ್ಟುನಿಟ್ಟಿನವಳು ಇನ್ನೊಬ್ಬಳಿಲ್ಲ ಎಂದು ಹೆಸರಾಯಿತು. ತಾ ಕಳ್ಳ ಪರರ ನಂಬ ಅಂತಾರಲ್ಲ, ಹಾಗೆ. ಆ ಇಳಿಜಾರು ನೋಡಿದಾಗೆಲ್ಲ ಯಾರ ಗಾಡಿ ನಿಜವಾಗಿ ಸ್ಟಾರ್ಟ್ ಆಗಿದೆ, ಯಾರದು ಉರುಳುತ್ತಿದೆ ಎಂದೇ ನನಗೆ ಅನುಮಾನ. ಕಡೆಗೆ ಪೂಜೆಯನ್ನು ಜಯನಗರದ ಒಂದು ಮೈದಾನಕ್ಕೆ ಬದಲಾಯಿಸಿದೆ. ಅಂಗೈ ಹಾಗೆ ಸಪಾಟು ಜಾಗ. ಹಳೇ ರಸ್ತೆಯಲ್ಲಿ ಪಾರ್ಕಿಂಗ್ ಕಷ್ಟ, ಅಕ್ಕಪಕ್ಕದವರು ಬೈತಾರೆ ಎಂದು ಮೀಟಿಂಗಿನಲ್ಲಿ ಕಾರಣ ಕೊಟ್ಟೆ. ಮೇಷ್ಟ್ರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಆಯ್ತಮ್ಮ, ನಿನ್ನಿಷ್ಟ" ಅಂದರು.

ಹೋದ ಆಯುಧಪೂಜೆಗೆ ಅದೇ ಮೈದಾನದಲ್ಲಿ ಮೇಷ್ಟ್ರ ಕಪ್ಪು ಕಾರು ನಿಂತುಬಿಟ್ಟಿತು. ಅವರಿಗೆ ಎಂಬತ್ತು ದಾಟಿದೆ. ಬೆಳಿಗ್ಗೆ ತಾವೇ ಓಡಿಸಿಕೊಂಡು ಬಂದಿದ್ದರು. ಪೂಜೆ ಮುಗಿದ ಮೇಲೆ ಇಂಜಿನ್ನು ಉಸಿರೆತ್ತಲಿಲ್ಲ. ಮುಂದಿನಿಂದ ಇಂಜಿನ್ನಿಗೆ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿದರು. ಅಂಗಿ ಬೆನ್ನಿಗೆ ಅಂಟಿಕೊಂಡಿತು. ನಾವು ಹ್ಯಾಂಡಲ್ ಹಿಡಿಯಲು ಹೋದರೆ ಬಿಡಲಿಲ್ಲ. ನಾಲ್ಕು ನಿಂಬೆಹಣ್ಣೂ ಇಟ್ಟ ಹಾಗೇ ಇದ್ದವು. ಎಲ್ಲರೂ ನನ್ನ ಕಡೆ ನೋಡಿದರು.

ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿರುವ ಹುಬ್ಬಳ್ಳಿ ಕಡೆಯ ಸದಸ್ಯರೊಬ್ಬರು ಹತ್ತಿರ ಬಂದು ಮೆಲ್ಲಗೆ, "ಮೇಡಂ, ಇವರಿಗೂ ಏನ್ರೀ? ಕ್ಲಬ್ ಕಟ್ಟಿದವರ್ರೀ ಅವರು" ಅಂದರು.

"ರೂಲು ಎಲ್ರಿಗೂ ಒಂದೇ," ಅಂದೆ. ಅಭ್ಯಾಸಬಲ, ಬಾಯಿಂದ ಬಂದುಬಿಟ್ಟಿತು.

ಮೇಷ್ಟ್ರಿಗೆ ಕೇಳಿಸಿತು. ಸ್ಕ್ರೂಡ್ರೈವರ್ ತಗೊಂಡು ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಲ್ಲೆ ಬಿಚ್ಚಿದರು. ಸ್ಕ್ರೂ ತುಕ್ಕು ಹಿಡಿದಿದ್ದರಿಂದ ಹೊತ್ತು ಹಿಡಿಯಿತು. ಅದನ್ನು ಪಂಚೆಯಲ್ಲಿ ಒರೆಸಿ ನನ್ನ ಅಂಗೈ ಮೇಲಿಟ್ಟು, "ತಗೋಮ್ಮ," ಅಂದರು.

ನನಗೆ ತಡೆಯಲಾಗಲಿಲ್ಲ. ಅಷ್ಟೂ ಜನರ ಮುಂದೆ ಹೇಳಿದೆ: "ಮೇಷ್ಟ್ರೇ, ಮೊದಲನೇ ವರ್ಷ ನನ್ನ ಗಾಡಿ ಸ್ಟಾರ್ಟೇ ಆಗಿರ್ಲಿಲ್ಲ. ಬ್ರೇಕ್ ಬಿಟ್ಟು ಉರುಳಿಸ್ಬಿಟ್ಟೆ. ಬಿಲ್ಲೆ ವಾಪಸ್ ಕೊಡಬೇಕಾದವಳು ನಾನು."

"ಗೊತ್ತು," ಅಂದರು ಮೇಷ್ಟ್ರು. "ನಲವತ್ತು ವರ್ಷ ಇಂಜಿನ್ ಪಾಠ ಮಾಡಿದೀನಿ. ಓಡ್ತಾ ಇದ್ಯೋ ಇಲ್ವೋ ಗೊತ್ತಾಗಲ್ವೇನಮ್ಮ?"

"ಮತ್ತೆ ಬಿಲ್ಲೆ ಯಾಕೆ ಕೊಟ್ರಿ?"

"ಬೆಂಗಳೂರಲ್ಲಿ ಅಷ್ಟೊಂದು ರೋಡಿದ್ವು. ಹುಡುಕಿ ಹುಡುಕಿ ಆ ಇಳಿಜಾರೇ ಯಾಕೆ ಹಿಡಿದೆ ಅನ್ಕೊಂಡಿದೀಯ? ಹಳೇ ಗಾಡಿ ಕಣಮ್ಮ, ಒಂದಿನ ಆಗುತ್ತೆ, ಒಂದಿನ ಆಗಲ್ಲ. ಕ್ಲಬ್ ಶುರುವಾದ ದಿನ ನನ್ನದೂ ಉರುಳಿದ್ದೇ."

ಮೀಸೆಯವರು, ಈಗ ಅವರ ಮೀಸೆ ಪೂರ್ತಿ ಬಿಳಿ, ಮುಂದೆ ಬಂದು, "ನಂದೂ ಎರಡು ಸಲ," ಅಂದರು. ಜನ ಹೋ ಎಂದು ನಕ್ಕರು. ನಾನು ನಗಲಿಲ್ಲ. ನಾಚಿಕೆಯಿಂದ ಸತ್ತುಹೋಗಿದ್ದೆ. ಆ ಮನುಷ್ಯ ನನ್ನಂಥವರಿಗೋಸ್ಕರ ಇಟ್ಟುಕೊಂಡಿದ್ದ ಇಳಿಜಾರನ್ನು ಅವರಿಂದಲೇ ಕಿತ್ತುಕೊಂಡಿದ್ದೆನಲ್ಲ.

ಬಿಲ್ಲೆ ವಾಪಸ್ ತಗೊಳ್ಳಿ ಎಂದು ಬೇಡಿಕೊಂಡರೂ ಅವರು ಒಪ್ಪಲಿಲ್ಲ. "ರೂಲು ರೂಲೇ. ಮುಂದಿನ ವರ್ಷ ಹಳೇ ರೋಡಿಗೆ ಬನ್ನಿ, ಅಲ್ಲಿ ತಗೋತೀನಿ," ಅಂದು ಆಟೋ ಹತ್ತಿ ಹೋದರು.

ಈಗ ನಾನು ವಾರಕ್ಕೊಂದು ಸಲ ಆ ಇಳಿಜಾರಿನ ರಸ್ತೆಗೆ ಹೋಗಿ ಮನೆಮನೆಯ ಗೇಟು ತಟ್ಟುತ್ತಿದ್ದೇನೆ. ಒಂದು ಮಧ್ಯಾಹ್ನಕ್ಕೆ ರಸ್ತೆ ಬಿಟ್ಟುಕೊಡಿ ಎಂದು ಕೇಳುವುದು. ಮೂಲೆಮನೆಯವರೊಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದ್ದಾರೆ. ಅವರನ್ನೂ ಒಪ್ಪಿಸುತ್ತೇನೆ, ಬಿಡುವುದಿಲ್ಲ. ಒಂದನೇ ನಂಬರಿನ ಬಿಲ್ಲೆ ನನ್ನ ವ್ಯಾನಿಟಿ ಬ್ಯಾಗಿನಲ್ಲಿದೆ. ಮೇಷ್ಟ್ರಿಗೆ ಈಚೆಗೆ ಮಂಡಿನೋವು ಜಾಸ್ತಿಯಾಗಿದೆಯಂತೆ, ಹೊರಗೆ ಬರುವುದು ಕಡಿಮೆ. ನವರಾತ್ರಿಗೆ ಇನ್ನೂ ಮೂರು ತಿಂಗಳಿದೆ. ಗಾಡಿ ಸ್ಟಾರ್ಟ್ ಆಗದಿದ್ದರೆ ಬೇಡ, ಅವರು ಸೀಟಿನಲ್ಲಿ ಕೂತಿದ್ದರೆ ಸಾಕು. ಬ್ರೇಕ್ ನಾನು ಬಿಡುತ್ತೇನೆ.