ಹದಿನಾಲ್ಕನೇ ಬಾವಿಯ ಅಳತೆ

ಊರವರು ಅವನಿಗೆ ಇಟ್ಟ ಹೆಸರು ಟೇಪಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಸಿಟ್ಟು ಬಂದಾಗ ಸ್ವಂತ ಹೆಂಡತಿಯೇ "ರೀ ಟೇಪಣ್ಣೋರೇ" ಎಂದು ಕರೆಯುತ್ತಿದ್ದಳೆಂದರೆ ಇನ್ನೇನು ಹೇಳುವುದು! ಅಂತರ್ಜಲ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅವನದು ಒಂದೇ ಕೆಲಸ: ತಿಂಗಳಿಗೊಮ್ಮೆ ಇಪ್ಪತ್ತೆರಡು ಅಳತೆ ಬಾವಿಗಳನ್ನು ಸುತ್ತಿ, ನೀರು ಎಷ್ಟು ಆಳದಲ್ಲಿದೆ ಎಂದು ನೋಡಿ ಬರೆದುಕೊಂಡು ಬರುವುದು. ಅಳತೆ ಬಾವಿ ಎಂದರೆ ದೊಡ್ಡದೇನೂ ಅಲ್ಲ. ಯಾರೂ ನೀರೆತ್ತದ ಒಂದು ಕೊಳವೆಬಾವಿ, ನೆಲದಿಂದ ಮೇಲೆದ್ದ ಕಬ್ಬಿಣದ ಕೊಳವೆ, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೊಂದು ಬೀಗ.

ಅವನು ಅಳೆಯುವುದನ್ನು ನೋಡಬೇಕಿತ್ತು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು, ಮಗುವನ್ನು ತೊಟ್ಟಿಲಿಗೆ ಇಳಿಸಿದಷ್ಟು ಹುಷಾರಾಗಿ ಕೊಳವೆಯೊಳಗೆ ಬಿಡುತ್ತಿದ್ದ. ಮೇಲೆತ್ತಿದಾಗ ನೀರು ಮುಟ್ಟಿದಲ್ಲಿ ಸುಣ್ಣದ ಬಣ್ಣ ಕಂದಿರುತ್ತಿತ್ತು. ಆ ಗೆರೆ ನೋಡಿ ಲೆಕ್ಕ ಹಾಕಿ, ನೆಲದ ಮೇಲಿರುವ ಕೊಳವೆಯ ಎತ್ತರವನ್ನು ಕಳೆದರೆ, ನೆಲದಿಂದ ನೀರಿಗೆ ಎಷ್ಟು ಎಂಬುದು ಸಿಗುತ್ತದೆ. ಒಂದು ಸೆಂಟಿಮೀಟರ್ ಆಚೀಚೆ ಆದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಬೇರೆ ಕಡೆಯ ಅಳತೆಗಾರರು ಮರದ ನೆರಳಲ್ಲಿ ಕುಳಿತು ಹೋದ ತಿಂಗಳ ಅಂಕಿಗೇ ಸ್ವಲ್ಪ ಒಗ್ಗರಣೆ ಹಾಕಿ ಬರೆಯುತ್ತಿದ್ದ ಕಾಲದಲ್ಲಿ ಇವನು ಬಿಸಿಲಲ್ಲಿ ಬೆಂದು ಬಾವಿ ಬಾವಿಗೂ ಹೋಗುತ್ತಿದ್ದ. ಪ್ರಾಮಾಣಿಕ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆ ಪ್ರಾಮಾಣಿಕತೆ ತನಗಿದೆ ಎಂಬುದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಬಂದ ತಾಪತ್ರಯ ಅದರಿಂದಲೇ.

ಅವನು ಕೆಲಸಕ್ಕೆ ಸೇರಿದಾಗ ಹನ್ನೊಂದು ಮೀಟರಿಗೆ ಸಿಗುತ್ತಿದ್ದ ನೀರು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಯಿತು. ಇಳಿದದ್ದನ್ನು ತನ್ನ ಕೈಯಾರೆ ಬರೆದವನು ಅವನು. ಕೊನೆಗೆ ಸರ್ಕಾರ ಕಣ್ಣುಬಿಟ್ಟು ಒಂದು ನಿಯಮ ತಂದಿತು. ಬೇಸಿಗೆಯ ಕೊನೆಯ ಅಳತೆಯಲ್ಲಿ ನೀರು ಮೂವತ್ತು ಮೀಟರಿಗಿಂತ ಕೆಳಗೆ ಹೋದರೆ, ಆ ಬಾವಿಯ ಸುತ್ತಮುತ್ತ ಬೇಸಾಯಕ್ಕೆಂದು ಹೊಸ ಬಾವಿ ಕೊರೆಯುವಂತಿಲ್ಲ. ಈಗಾಗಲೇ ಕೊರೆದಿರುವವರು ಎತ್ತಬಹುದು. ಹತ್ತು ಪಂಪು ಇಟ್ಟುಕೊಂಡ ತೋಟದ ಯಜಮಾನನಿಗೆ ಏನೂ ಇಲ್ಲ, ಒಂದೂ ಇಲ್ಲದವರಿಗೆ ಬಾಗಿಲು ಬಂದ್! ಇದು ಯಾವ ಸೀಮೆ ನ್ಯಾಯ ಎಂದು ಜನ ಬೈದರು. ಟೇಪಣ್ಣ ಮಾತ್ರ, "ಎಲ್ಲಿಂದಾದ್ರೂ ಶುರು ಆಗ್ಬೇಕಲ್ಲಪ್ಪಾ, ಹೀಗೇ ಬಿಟ್ರೆ ಯಾರಿಗೂ ಕುಡಿಯೋಕೂ ಸಿಗಲ್ಲ" ಎನ್ನುತ್ತಿದ್ದ. ಅವನ ಮಾತೂ ಸುಳ್ಳಲ್ಲ.

ಆ ಒಂದೂ ಇಲ್ಲದವರಲ್ಲಿ ಅವನ ಅಕ್ಕನೂ ಒಬ್ಬಳು. ಅಮ್ಮ ಹೋದಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಶಾಲೆ ಬಿಟ್ಟು ಒಲೆ ಮುಂದೆ ಕೂತವಳು ಅವಳು. ಅವನ ಮೂಗು ಒರೆಸಿ, ಅಂಗಿಗೆ ಗುಂಡಿ ಹೊಲಿದು, ಸುಳ್ಳು ಹೇಳಿದರೆ ಬೆನ್ನಿಗೆ ಎರಡು ಬಾರಿಸಿ, ಆಮೇಲೆ ತಾನೇ ಅತ್ತು ಸಾಕಿದವಳು. ಭಾವ ತೀರಿಕೊಂಡ ಮೇಲೆ ಇದ್ದ ಚೂರು ಹೊಲದಲ್ಲಿ ನೂರ ನಲವತ್ತು ದಾಳಿಂಬೆ ಗಿಡ ನೆಟ್ಟಿದ್ದಳು. ಮೂರನೇ ವರ್ಷ, ಮೊದಲ ಹೂವು ಬಿಟ್ಟಿತ್ತು. ಅಷ್ಟರಲ್ಲಿ ಹಳೆಯ ತೆರೆದ ಬಾವಿ ತಳ ಕಂಡಿತು. ಒಂದು ಕೊಳವೆಬಾವಿಗೆ ಅನುಮತಿ ಕೊಡಿ ಎಂದು ಅರ್ಜಿ ಹಾಕಿ ಕಾಯುತ್ತಿದ್ದಳು. ಆ ಬೇಸಿಗೆಯ ಅಳತೆ ಮೂವತ್ತರ ಒಳಗಿದ್ದರೆ ಅನುಮತಿ, ದಾಟಿದರೆ ಇಲ್ಲ. ಅಳೆಯಬೇಕಾದದ್ದು ಅವಳ ಹೊಲದ ಬದುವಿನಲ್ಲೇ ಇದ್ದ ಹದಿನಾಲ್ಕನೇ ಬಾವಿ. ಅಳೆಯುವವನು ತಮ್ಮ.

ಆ ಬೆಳಿಗ್ಗೆ ಅಕ್ಕ ನೀರಿನ ಚೊಂಬು ಹಿಡಿದು ಬಂದು ಪಕ್ಕದಲ್ಲಿ ನಿಂತಳು. ಟೇಪಣ್ಣ ಅವಳತ್ತ ನೋಡದೆ ಸುಣ್ಣ ಬಳಿದ, ಟೇಪು ಬಿಟ್ಟ, ಎತ್ತಿದ. ಕೊಳವೆಯ ಬಾಯಿಂದ ಸರಿಯಾಗಿ ಮೂವತ್ತೊಂದು ಮೀಟರ್. ಕೊಳವೆಯ ಎತ್ತರ ಅರವತ್ತು ಸೆಂಟಿಮೀಟರ್ ಕಳೆದ.

"ಎಷ್ಟಾಯ್ತೋ?" ಅಕ್ಕ ಕೇಳಿದಳು.

"ಮೂವತ್ತು ಮೀಟರ್, ನಲವತ್ತು ಸೆಂಟಿ."

ಅವಳು ತೋಟದ ಕಡೆ ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ನೋಡೋ" ಎಂದಳು.

ಅಷ್ಟು ಸಾಕಾಯಿತು, ಅವನಿಗೆ ಮೈಯೆಲ್ಲ ಉರಿದುಹೋಯಿತು. "ಏನಕ್ಕಾ, ನೀನೂ ಹೀಗೆ ಕೇಳೋದಾ? ನನ್ನ ಅಳತೆ ಮೇಲೆ ನಿಂಗೇ ನಂಬಿಕೆ ಇಲ್ವಾ? ಟೇಪು ಹಿಡಿದ್ಮೇಲೆ ನಂಗೆ ಅಕ್ಕನೂ ಇಲ್ಲ, ತಮ್ಮನೂ ಇಲ್ಲ!"

"ನಾನೇನಂದೆ ಈಗ?"

"ಏನೂ ಅನ್ಬೇಡ." ಪುಸ್ತಕದಲ್ಲಿ ಬರೆದು, ಮುಚ್ಚಳ ಹಾಕಿ, ಬೀಗ ಜಡಿದು ಸ್ಕೂಟರ್ ಹತ್ತಿದ. ಚೊಂಬಿನ ನೀರು ಅವಳ ಕೈಯಲ್ಲೇ ಉಳಿಯಿತು.

ಮನೆಯಲ್ಲಿ ವಿಷಯ ತಿಳಿದು ಹೆಂಡತಿ ತಟ್ಟೆ ಕುಕ್ಕಿದಳು. "ನಿಮ್ಮಕ್ಕ ನಿಮಗೇನು ಮಾಡಿದ್ರು ಅನ್ನೋದು ಮರ್ತೇಹೋಯ್ತಾ?" ಎಂದಳು. "ಮರೆತಿದ್ರೆ ಸುಳ್ಳು ಬರೀತಿದ್ದೆ ಕಣೇ. ಸುಳ್ಳು ಹೇಳ್ಬೇಡ ಅಂತ ಹೊಡೆದು ಕಲಿಸಿದ್ದೇ ಅವಳು" ಎಂದ ಅವನು. ದುಃಖವಾಗಿತ್ತು, ನಿಜ. ಆದರೆ ಆ ದುಃಖದ ಅಡಿಯಲ್ಲಿ ಸಣ್ಣದೊಂದು ಹೆಮ್ಮೆಯೂ ಇತ್ತು ಎಂಬುದನ್ನು ಮುಚ್ಚಿಡುವುದು ಬೇಡ. ಸ್ವಂತ ಅಕ್ಕನಿಗೂ ಬಗ್ಗದವನು ಎಂದು ಕಚೇರಿಯಲ್ಲಿ ಸಾಹೇಬರು ಎಲ್ಲರೆದುರು ಬೆನ್ನು ತಟ್ಟಿದ್ದರು.

ಅಕ್ಕನ ಅರ್ಜಿ ವಾಪಸ್ ಬಂತು. ಅವಳು ಗಿಡ ಬಿಡಲಿಲ್ಲ. ಕುಡಿಯುವ ನೀರಿನ ನಲ್ಲಿಯಿಂದ ಕೊಡ ಹೊತ್ತು ತಂದು ಹೊಯ್ದಳು. ಟೇಪಣ್ಣನೂ ಭಾನುವಾರ ಸ್ಕೂಟರಿಗೆ ಎರಡು ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ. ಅವಳು ಬೇಡ ಎನ್ನುತ್ತಿರಲಿಲ್ಲ, ಯಾವ ಸಾಲಿಗೆ ಹಾಕಬೇಕೆಂದು ಕೈ ತೋರಿಸುತ್ತಿದ್ದಳು, ಅಷ್ಟೇ. ಬಾಯಿತುಂಬ ಬೈದಿದ್ದರೆ ಅವನ ಜೀವಕ್ಕೆ ಎಷ್ಟೋ ಹಗುರವಾಗುತ್ತಿತ್ತು. ನೂರ ನಲವತ್ತರಲ್ಲಿ ನಲವತ್ತು ಉಳಿದವು, ನಲವತ್ತರಲ್ಲಿ ಹನ್ನೆರಡು. ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ ಅವೂ ಕಡ್ಡಿಯಾದವು. ಅಕ್ಕ ತಾನೇ ಕೊಡಲಿ ಹಿಡಿದು ಕಡಿದಳು. ಆಮೇಲೆ ಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹಣ್ಣು ವಿಂಗಡಿಸಿ ಡಬ್ಬಕ್ಕೆ ತುಂಬುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ದಿನವಿಡೀ ನಿಂತು ಮಾಡುವ ಕೆಲಸ, ಅದೂ ಐವತ್ತೈದರ ವಯಸ್ಸಿನಲ್ಲಿ.

ಗಿಡ ಕಡಿದ ಮರುವರ್ಷ ಕಚೇರಿಗೆ ಹೊಸ ಭೂವಿಜ್ಞಾನಿ ಬಂದರು. ಚಿಕ್ಕ ವಯಸ್ಸಿನ ಮೇಡಂ, ಮಾತು ಕಡಿಮೆ. ಬಾವಿಗಳಿಗೆಲ್ಲ ತಾನಾಗಿಯೇ ಅಳೆಯುವ ಯಂತ್ರ ಕೂರಿಸಬೇಕೆಂದು ಟೇಪಣ್ಣನನ್ನು ಕರೆದುಕೊಂಡು ಒಂದೊಂದಾಗಿ ಸುತ್ತಿದರು. ಹದಿನಾಲ್ಕನೇ ಬಾವಿಯ ಬಳಿ ನಿಂತು, "ಕೊಳವೆ ಎತ್ತರ ಎಷ್ಟು?" ಎಂದರು.

"ಅರವತ್ತು ಸೆಂಟಿಮೀಟರ್ ಮೇಡಂ." ನಿದ್ದೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದ.

"ಬಾಯಲ್ಲಿ ಹೇಳ್ಬೇಡಿ, ಅಳೀರಿ. ಅಳತೇನ ಇನ್ನೊಂದ್ಸಲ ನೋಡೋವಾಗ ಕೊಳವೆಯಿಂದ್ಲೇ ಶುರು ಮಾಡ್ಬೇಕು ಅಂತ ನಿಯಮ ಇದೆಯಲ್ಲ?"

ಇತ್ತು. ಅವನಿಗೂ ಗೊತ್ತಿತ್ತು. ನಗುತ್ತಲೇ ಟೇಪು ಹಿಡಿದ. ಒಂದು ಮೀಟರ್ ಹತ್ತು. ಎಲ್ಲೋ ಜಾರಿತೆಂದು ಮತ್ತೆ ಹಿಡಿದ. ಒಂದು ಮೀಟರ್ ಹತ್ತು.

ಆಗ ನೆನಪಾಯಿತು. ಅಕ್ಕ ಅರ್ಜಿ ಹಾಕಿದ ಆ ಬೇಸಿಗೆಯ ಮೊದಲಲ್ಲಿ ಒಂದು ಟ್ರ್ಯಾಕ್ಟರ್ ಗುದ್ದಿ ಹಳೆಯ ಕೊಳವೆ ಸೊಟ್ಟಗಾಗಿತ್ತು. ಗುತ್ತಿಗೆದಾರ ಅದನ್ನು ಕತ್ತರಿಸಿ, ಸ್ವಲ್ಪ ಉದ್ದದ ಹೊಸದನ್ನು ಬೆಸೆದು ಹಸಿರು ಬಣ್ಣ ಬಳಿದಿದ್ದ. ಟೇಪಣ್ಣ ಅದನ್ನು ನೋಡಿದ್ದ ಕೂಡ! ಇನ್ನು ಈ ಬಾವಿಗೆ ಅಷ್ಟೊಂದು ಬಗ್ಗಬೇಕಿಲ್ಲ, ಸೊಂಟಕ್ಕೆ ಆರಾಮ ಎಂದು ಖುಷಿಪಟ್ಟಿದ್ದ. ಆದರೆ ಕಳೆಯುವ ಅಂಕಿಯನ್ನು ಮಾತ್ರ ಹಳೆಯದನ್ನೇ ಬರೆಯುತ್ತಾ ಬಂದಿದ್ದ. ನೀರನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಳೆದವನು ಕಣ್ಣೆದುರಿನ ಕೊಳವೆಯನ್ನು ಅಳೆದಿರಲಿಲ್ಲ. ಒಂದೇ ಸಲಕ್ಕೆ ನೀರು ಅರ್ಧ ಮೀಟರ್ ಹೆಚ್ಚು ಇಳಿದಂತೆ ಕಂಡರೂ, ಬೇಸಿಗೆಯಲ್ಲವೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಂದಿನ ಮೂವತ್ತೊಂದರಲ್ಲಿ ಒಂದು ಮೀಟರ್ ಹತ್ತು ಕಳೆದರೆ ಇಪ್ಪತ್ತೊಂಬತ್ತು ಮೀಟರ್ ತೊಂಬತ್ತು. ಅಕ್ಕನ ಅರ್ಜಿ ಪಾಸಾಗಬೇಕಿತ್ತು. ಟೇಪಣ್ಣ ಬದುವಿನ ಮೇಲೆ ಕುಳಿತುಬಿಟ್ಟ. ಮೇಡಂ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟರು.

ಸಾಹೇಬರ ಮುಂದೆ ಹೋಗಿ ನಿಂತು ಎಲ್ಲ ಹೇಳಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ, ನಿಜವಾದ ಲೆಕ್ಕದಲ್ಲೂ ನೀರು ಮರುವರ್ಷವೇ ಮೂವತ್ತು ದಾಟ್ತು, ಈಗ ಮೂವತ್ತೆರಡೂ ದಾಟಿದೆ. ಒಂದು ವರ್ಷ ಮುಂಚೆ ಬಾಗಿಲು ಹಾಕಿದ್ವಿ, ಅಷ್ಟೇ ತಾನೇ? ನೆಲಕ್ಕೆ ಒಳ್ಳೇದೇ ಆಯ್ತು. ಹಳೇದನ್ನ ಯಾಕ್ರೀ ಕೆದಕ್ತೀರಿ?" ಎಂದರು. ನೆಲಕ್ಕೆ ಒಳ್ಳೆಯದಾಗಿರಬಹುದು. ಅಕ್ಕನ ಬಾವಿಯೂ ಸೇರಿದ್ದರೆ ನೀರು ಇನ್ನಷ್ಟು ಕೆಳಗಿರುತ್ತಿತ್ತು, ಅದೂ ನಿಜ. ಆದರೆ ಆ ಒಂದು ವರ್ಷದೊಳಗೆ ಒಬ್ಬಳ ತೋಟ ಹೋಯಿತಲ್ಲ, ಅದನ್ನು ಯಾವ ಪುಸ್ತಕದಲ್ಲಿ ಬರೆಯುವುದು? ಟೇಪಣ್ಣ ತಿದ್ದುಪಡಿ ಬರೆದು, ತಪ್ಪು ನನ್ನದು ಎಂದು ಸಹಿ ಹಾಕಿ ಮೇಜಿನ ಮೇಲಿಟ್ಟು, ಸೀದಾ ಪೇಟೆಯ ಕಡೆ ಹೊರಟ.

ಶೆಡ್ಡಿನೊಳಗೆ ಹಣ್ಣಿನ ಸಿಹಿ ವಾಸನೆ, ರಟ್ಟಿನ ಡಬ್ಬಗಳ ರಾಶಿ. ಉದ್ದನೆಯ ಮೇಜಿನ ತುದಿಯಲ್ಲಿ ಅಕ್ಕ ದಾಳಿಂಬೆ ವಿಂಗಡಿಸುತ್ತಿದ್ದಳು. ಹತ್ತು ಪಂಪಿನ ಯಜಮಾನನ ತೋಟದ ಹಣ್ಣು. ಟೇಪಣ್ಣ ಪಕ್ಕದಲ್ಲಿ ನಿಂತು ಕೊಳವೆ, ಟ್ರ್ಯಾಕ್ಟರ್, ಅರವತ್ತು, ಒಂದು ಮೀಟರ್ ಹತ್ತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಅವಳ ಕೈ ನಿಲ್ಲಲಿಲ್ಲ. ಒಳ್ಳೆಯ ಹಣ್ಣು ಬಲಕ್ಕೆ, ಸೀಳಿದ್ದು ಎಡಕ್ಕೆ.

"ಅಂದ್ರೆ ನಂಗೆ ಪರ್ಮಿಷನ್ ಸಿಗ್ತಿತ್ತು."

"ಸಿಗ್ತಿತ್ತು."

"ಗಿಡ ಉಳೀತಿತ್ತು."

"ಬೈಯಕ್ಕಾ, ಎರಡು ಬಾರಿಸು ಬೇಕಾದ್ರೆ" ಎಂದ.

"ಅವತ್ತು ನಾನು ಸುಳ್ಳು ಬರಿ ಅಂತ ಕೇಳಿದ್ನೇನೋ?"

"ಇಲ್ಲ."

"ಇನ್ನೊಂದ್ಸಲ ನೋಡು ಅಂದೆ, ಅಷ್ಟೇ." ಒಂದು ಹಣ್ಣನ್ನು ತಿರುಗಿಸಿ ನೋಡಿ ಬಲಕ್ಕಿಟ್ಟಳು. "ಈ ಹಣ್ಣಿನ ಯಜಮಾನ ಹಾಗೆ ಅಂದಿದ್ರೆ ನೋಡ್ತಿದ್ಯಾ?"

ಅಕ್ಕ ಕೇಳಿದ ಅದೇ ಬೇಸಿಗೆಯಲ್ಲಿ ಆ ಯಜಮಾನ ಅನುಮಾನ ತೋರಿಸಿದ್ದಕ್ಕೆ ಇವನು ಅವನ ತೋಟದ ಪಕ್ಕದ ಒಂಬತ್ತನೇ ಬಾವಿಗೆ ಮೂರು ಸಲ ಟೇಪು ಇಳಿಬಿಟ್ಟಿದ್ದ, ಕೊಳವೆಯನ್ನೂ ಅಳೆದು ತೋರಿಸಿದ್ದ.

"ನೋಡ್ತಿದ್ದೆ" ಎಂದ ಟೇಪಣ್ಣ. "ಯಾರೇ ಕೇಳಿದ್ರೂ ನೋಡ್ತಿದ್ದೆ. ನೀನು ಕೇಳಿದ್ದಕ್ಕೇ ನೋಡ್ಲಿಲ್ಲ."

"ಅದು ನಂಗೆ ಅವತ್ತೇ ಗೊತ್ತಾಯ್ತು ಕಣೋ" ಎಂದು ಅಕ್ಕ ಮುಂದಿನ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.