ಒಳ್ಳೆಯ ಸುದ್ದಿ ಮಾತ್ರ ಹೇಳುವ ಕಂಪೌಂಡರ್

ಬೈಲಹೊಂಗಲದ ಆಚೆಗಿನ ಒಂದು ಸಣ್ಣ ದವಾಖಾನೆಯಲ್ಲಿ ನಾನು ಕಂಪೌಂಡರನಾಗಿದ್ದೆ. ಔಷಧ ಕಲಸುವುದು ಅರ್ಧ ಕೆಲಸ, ಕಿಟಕಿಯಿಂದ ಕೂಗುವುದು ಇನ್ನರ್ಧ. ಮಂದಿ ಮನೆಯಿಂದಲೇ ಬಾಟಲಿ ತರುತ್ತಿದ್ದರು. ಬೆಂಚಿನ ಮೇಲಿನ ಹತ್ತು ಜನರಲ್ಲಿ ನಾಲ್ವರಿಗೆ ಒಂದೇ ದೇವರ ಹೆಸರು. ಆದ್ದರಿಂದ ಊರು ಮತ್ತು ರೋಗ ಸೇರಿಸಿ ಕೂಗುವುದು ರೂಢಿ. "ಸವದತ್ತಿ, ಭೇದಿ!" ಎಂದರೆ ಒಬ್ಬನೇ ಎದ್ದು ಬರುತ್ತಿದ್ದ. ಇದರಲ್ಲಿ ತಪ್ಪೇನಿತ್ತು ಎಂದು ಈಗಲೂ ಒಂದೊಂದು ಸಲ ಅನ್ನಿಸುತ್ತದೆ.

ಧಾರವಾಡದಿಂದ ಟಾಂಗಾದಲ್ಲಿ ಬಂದಿಳಿದ ಹೊಸ ದಾಕ್ತರರಿಗೆ ಇದು ಹಿಡಿಸಲಿಲ್ಲ. ರೋಗಿಯ ಗುಟ್ಟು ಕಿಟಕಿ ದಾಟಬಾರದು ಎಂದರು. ನಾನು ತಲೆಯಾಡಿಸಿ, ಮರುದಿನವೂ ಕೂಗಿದೆ. ಅವರು ಬೈಯಲಿಲ್ಲ. ನನ್ನನ್ನು ಬೆಂಚಿನ ಮೇಲೆ ಕೂಡಿಸಿ, ತಾವೇ ಕಿಟಕಿಗೆ ಹೋಗಿ, "ತೊರಗಲ್, ಮೂಲವ್ಯಾಧಿ!" ಎಂದು ಕೂಗಿದರು. ತೊರಗಲ್ ನನ್ನ ಊರು. ಮೂಲವ್ಯಾಧಿಯೂ ನನ್ನದೇ. ಕುಳಿತವರೆಲ್ಲ ನನ್ನ ಕಡೆ ಹೊರಳಿದರು. ಪಕ್ಕದ ಮುದುಕ, ಪಾಪ, ಮೆತ್ತಗೆ ಕೂಡಲೆಂದು ತನ್ನ ಕಂಬಳಿ ಮಡಚಿ ಕೊಟ್ಟ.

"ಹೆಂಗ ಅನಸ್ತಪಾ?" ಎಂದು ದಾಕ್ತರರು ಕೇಳಿದರು.

ಅಂದಿನಿಂದ ಬರೀ ಬಾಟಲಿ ಎತ್ತಿ ತೋರಿಸತೊಡಗಿದೆ. ತಮ್ಮ ತಮ್ಮ ಬಾಟಲಿ ಎಲ್ಲರಿಗೂ ಗುರುತಿತ್ತು.

ಆದರೆ ನಮ್ಮ ಕಡೆ ಹೆಣ್ಣು ನೋಡುವವರು ಮೊದಲು ಮನೆತನ ವಿಚಾರಿಸುತ್ತಾರೆ, ಆಮೇಲೆ ದವಾಖಾನೆಗೆ ಬರುತ್ತಾರೆ. ಮುರಗೋಡದ ಒಂದು ಹುಡುಗಿಗೆ ಕೈಮೇಲೆ ಗಜಕರ್ಣವಾಗಿತ್ತು. ಅದು ತೊನ್ನೋ ಏನೋ ಎಂದು ಗಂಡಿನ ಕಡೆಯವರು ನನ್ನನ್ನು ಕೇಳಿದರು. "ಬರೇ ಗಜಕರ್ಣರೀ, ಮುಲಾಮು ಹಚ್ಚಿದ್ರ ಹೋಗತೈತಿ" ಎಂದೆ. ಮದುವೆಯಾಯಿತು. ನನಗೊಂದು ಧೋತರ ಬಂತು. ವಿಷಯ ದಾಕ್ತರರಿಗೆ ತಿಳಿಯಿತು.

"ಒಳ್ಳೇದ ಹೇಳಿದ್ರ ಏನ ತಪ್ಪರೀ?" ಎಂದು ವಾದಿಸಿದೆ.

"ಕೆಟ್ಟ ರೋಗ ಇದ್ದವರದು ಯಾರರ ಕೇಳಾಕ ಬಂದಾಗ ತಿಳೀತೈತಿ" ಎಂದು ಅವರು ಮುಂದಿನ ರೋಗಿಯ ನಾಡಿ ಹಿಡಿದರು. ಅವರದು ಬರೀ ಪುಸ್ತಕದ ಬದನೆಕಾಯಿ ಎಂದುಕೊಂಡೆ. ಇನ್ನೂ ಇಬ್ಬರು ಮೂವರಿಗೆ ಹೀಗೆಯೇ ಉಪಕಾರ ಮಾಡಿದೆ.

ಅದೇ ವರ್ಷ ರಾಮದುರ್ಗದ ಕಡೆಯ ತಾಯಿಯೊಬ್ಬಳು ಮಗಳನ್ನು ಕರೆತಂದಳು. ಹುಡುಗಿಯ ಬೆನ್ನ ಮೇಲೆ ಬಿಳಿ ಕಲೆ. ಇದು ತೊನ್ನೇ. ಮದುವೆ ಗೊತ್ತಾಗಿತ್ತು. "ಯಾರ ಕೇಳಿದ್ರೂ ಹೇಳಬ್ಯಾಡ್ರಿ ಯಪ್ಪಾ" ಎಂದು ತಾಯಿ ನನಗೆ ಕೈಮುಗಿದಳು. ಜೀವ ಹೋದರೂ ಹೇಳುವುದಿಲ್ಲ ಎಂದೆ. ವಾರದೊಳಗೆ ವರನ ಸೋದರಮಾವ ಕಿಟಕಿಗೆ ಬಂದ.

"ಆ ಹುಡುಗಿಗೆ ಏನಾಗೇತ್ರಿ?"

"ರೋಗಿಗಳ ಸುದ್ದಿ ನಾವು ಹೇಳೂದಿಲ್ರಿ."

"ಮುರಗೋಡದಾಕೀದು ಹೇಳಿದ್ರಂತಲ್ರಿ?"

ನಾನು ಬಾಯಿ ಬಿಡಲಿಲ್ಲ. ಅವನು ನನ್ನ ಮುಖ ನೋಡಿದ. "ತಿಳೀತ್ರಿ" ಎಂದು ರುಮಾಲು ಸರಿಮಾಡಿಕೊಂಡು ಹೊರಟುಹೋದ.

ಸಂಬಂಧ ಮುರಿಯಿತು.

ಮುಂದಿನ ಸೋಮವಾರ ತಾಯಿ ಒಬ್ಬಳೇ ಬಂದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಯಾರ ಹೇಳಿದ್ರೋ ಏನೋ ಯಪ್ಪಾ. ನೀವಂತೂ ಹೇಳಿರೂದಿಲ್ಲ, ನನಗ ಗೊತ್ತೈತಿ. ನಿಮ್ಮ ಹೊಟ್ಟಿ ತಣ್ಣಗಿರಲಿ" ಎಂದು ಖಾಲಿ ಬಾಟಲಿಯನ್ನು ಮುಂದೆ ಚಾಚಿದಳು.