ಸೀಲಿನೊಳಗಿನ ಹಾಲು

ಮರಳುಗಾಳಿಗೆ ಎದುರಾಗಿ ಒಂದೇ ಕೈಯಲ್ಲಿ ಟ್ರೇಲರ್ ಓಡಿಸಿದವನು ನಾನು. ನನ್ನ ಹಾರ್ನ್ ಕೇಳಿದರೆ ಒಂಟೆಗಳೂ ಸಲಾಂ ಹೊಡೆದು ದಾರಿ ಬಿಡುತ್ತಿದ್ದವು. ಅಂಥ ನನ್ನನ್ನು ಸುಸ್ತು ಮಾಡಿದ್ದು ಲಾರಿ ಬಾಗಿಲಿಗೆ ಕಸ್ಟಮ್ಸಿನವರು ಹಾಕಿದ ಒಂದು ಸೀಲು.

ಕುವೈತಿನ ಯುದ್ಧ ಆಗಷ್ಟೇ ಮುಗಿದಿತ್ತು. ದೋಹಾದಿಂದ ಅಲ್ಲಿನವರಿಗೆ ಪರಿಹಾರದ ಹಾಲಿನ ಪುಡಿ ತುಂಬಿಸಿಕೊಂಡು ಹೊರಟಿದ್ದೆ. ಸೌದಿ ಗಡಿಯಲ್ಲಿ ಸಾಲು ಅಲ್ಲಾಡದೆ ನನ್ನ ಸೊಂಟವೇ ಬಿದ್ದುಹೋಗಿತ್ತು. ಆಚೆ ಸೌದಿ ಕಡೆಯಿಂದ ಬಂದು, ಕಾಗದ ಸರಿಯಿಲ್ಲವೆಂದು ಅಲ್ಲೇ ಸಿಕ್ಕಿಬಿದ್ದಿದ್ದ ಕುಂದಾಪುರದ ಹೆಂಗಸೊಬ್ಬಳು ಅಳುವ ಮಗುವನ್ನು ಎತ್ತಿಕೊಂಡು ಬಂದಳು.

“ಅಣ್ಣಾ, ಲಾರಿ ತುಂಬ ಹಾಲಿನ ಪುಡಿಯಂತೆ. ಮಗು ನಿನ್ನೆಯಿಂದ ಬರೀ ನೀರು ಕುಡಿದಿದೆ. ಒಂದು ಡಬ್ಬಿ ಕೊಡಿ.”

ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಗಡಿಯ ಪೊಲೀಸ್ ಓಡಿಬಂದ. “ಮಾಫಿ! ಆಗುವುದಿಲ್ಲ! ಸೀಲ್ ಒಡೆದರೆ ಇಡೀ ಲೋಡ್ ವಾಪಸ್.”

“ಹಸಿದವರಿಗೇ ಹೋಗುವ ಹಾಲು ಮಾರಾಯ!”

“ಆ ಹಸಿದವರು ಕುವೈತಿನಲ್ಲಿದ್ದಾರೆ.”

ಗಲ್ಫಿನ ಲಾರಿಯವರೆಲ್ಲ ಟ್ರೇಲರಿನ ಪಕ್ಕಕ್ಕೆ ಅಡುಗೆ ಪೆಟ್ಟಿಗೆ ಕಟ್ಟಿಕೊಂಡಿರುತ್ತೇವೆ. ಅದಕ್ಕೆ ಯಾವ ಸೀಲೂ ಇಲ್ಲ. ನನ್ನ ಚಹಾಕ್ಕೆಂದು ಇಟ್ಟಿದ್ದ ಹಾಲಿನ ಪುಡಿ ತೆಗೆದು, ಸ್ಟೌ ಹಚ್ಚಿ, ನೀರು ಕಾಯಿಸಿ ಕಲಸಿ ಕೊಟ್ಟೆ. ಕುಡಿದ ಮಗು ತಾಯಿಯ ಹೆಗಲ ಮೇಲೆಯೇ ನಿದ್ದೆಹೋಯಿತು. ಉಳಿದದ್ದನ್ನು ಡಬ್ಬಿ ಸಮೇತ ಅವಳಿಗೇ ಕೊಟ್ಟೆ.

ಪೊಲೀಸ್ ಮಾತ್ರ ಸ್ಟೌ ಬಿಟ್ಟು ಕದಲಲಿಲ್ಲ. “ಯಲ್ಲಾ ಸದೀಕ್, ಬೇಗ ಗೆಳೆಯಾ, ನನಗೂ ಒಂದು ಚಹಾ. ಸಕ್ಕರೆ ಜಾಸ್ತಿ.”

ಲಾರಿ ತುಂಬ ಹಾಲು ಹೊತ್ತುಕೊಂಡು ಕುವೈತಿನ ತನಕ ಕರಿ ಚಹಾ ಕುಡಿದ ಡ್ರೈವರ್ ಇಡೀ ಗಲ್ಫಿನಲ್ಲಿ ನಾನೊಬ್ಬನೇ. ಅದೂ ಸಪ್ಪೆ ಚಹಾ. ಸಕ್ಕರೆಯನ್ನೆಲ್ಲ ಆ ಪುಣ್ಯಾತ್ಮನೇ ಮುಗಿಸಿದ್ದ.